ನಕ್ಷೆಯಲ್ಲಿ ಸ್ವಿಚ್ಚು ಪಿಸಿ ಆದಾಗ, ಪಿಸಿ ರೌಟರ್ ಆದಾಗ: ಡಿಸ್ಕವರಿ ಸಾಫ್ಟ್‌ವೇರ್‌ನ ತಪ್ಪು ಹುಡುಕುವ ಕೈಪಿಡಿ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ಡಿಸ್ಕವರಿ ಸಾಫ್ಟ್‌ವೇರ್ ಹಾಕಿದೆವು. ನೆಟ್‌ವರ್ಕಿನಲ್ಲಿ ಯಾವ ಯಾವ ಸಾಧನ ಇದೆ ಅಂತ ತಾನೇ ಹುಡುಕಿ ನಕ್ಷೆ ಬರೆದು, ಯಾವುದಾದರೂ ನಿಂತರೆ ಅಲಾರಂ ಕೊಡುವ ಸಾಫ್ಟ್‌ವೇರ್ ಇದು. ಮೂರು ಮಹಡಿ, 11 ಸ್ವಿಚ್ಚು, ಎರಡು ಲ್ಯಾಬ್, ಒಂದು ಲೈಬ್ರರಿ. ಒಂದು ತಾಸಿನೊಳಗೆ ಚೆಂದದ ನಕ್ಷೆ ಬಂತು. ಎಲ್ಲರಿಗೂ ಖುಷಿ. ಮುಂದಿನ ವಾರ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಎರಡನೇ ಮಹಡಿಯ ಸ್ವಿಚ್ಚು ನಿಂತುಹೋಯಿತು. ಮಕ್ಕಳು ಕೈಕಟ್ಟಿ ಕೂತರು. ನಮಗೆ ಒಂದು ಅಲಾರಂ ಕೂಡ ಬರಲಿಲ್ಲ.

ಕಾರಣ ನಕ್ಷೆಯಲ್ಲೇ ಇತ್ತು. 11 ಸ್ವಿಚ್ಚಿನಲ್ಲಿ ನಾಲ್ಕನ್ನು ಸಾಫ್ಟ್‌ವೇರ್ ‘ಪಿಸಿ’ ಗುಂಪಿಗೆ ಹಾಕಿತ್ತು. ಪಿಸಿ ಆಫ್ ಆದರೆ ಅಲಾರಂ ಬೇಡ ಅಂತ ನಾವೇ ಹೇಳಿದ್ದೆವು. ಅದು ನಾವು ಹೇಳಿದ ಹಾಗೆ ಕೇಳಿತು. ಅದೇ ನಕ್ಷೆಯಲ್ಲಿ ಲೈಬ್ರರಿಯ ಸರ್ವರ್ ‘ರೌಟರ್’ ಆಗಿ ಕೂತಿತ್ತು.

ಬಣ್ಣ, ಐಕಾನ್ ತಪ್ಪಿದರೆ ಏನಾಗುತ್ತೆ ಅಂತ ಸುಮ್ನೆ ಬಿಡಬೇಡಿ. ಯಾವುದನ್ನು ಕಾಯಬೇಕು, ಯಾವುದನ್ನು ಬಿಡಬಹುದು ಅನ್ನುವುದು ಆ ಗುಂಪಿನ ಮೇಲೇ ನಿಂತಿರುತ್ತದೆ.

ಸಾಫ್ಟ್‌ವೇರ್ ಹೇಗೆ ತೀರ್ಮಾನ ಮಾಡುತ್ತದೆ

ಬೇರೆಯವರ ಟ್ರಾಫಿಕ್ ಅನ್ನು ತನ್ನ ಮೂಲಕ ದಾಟಿಸುವುದು ಮೂಲಸೌಕರ್ಯದ ಸಾಧನ: ಸ್ವಿಚ್ಚು, ರೌಟರ್, ವೈಫೈ ಕೊಡುವ ಆಕ್ಸೆಸ್ ಪಾಯಿಂಟ್, ಫೈರ್‌ವಾಲ್. ಟ್ರಾಫಿಕ್ ಶುರುವಾಗುವ ಅಥವಾ ಮುಗಿಯುವ ಜಾಗ ಕೊನೆಯ ಹೋಸ್ಟ್: ಪಿಸಿ, ಪ್ರಿಂಟರ್, ಕ್ಯಾಮೆರಾ, ಮೊಬೈಲ್. ಸಾಫ್ಟ್‌ವೇರ್‌ಗೆ ಪೆಟ್ಟಿಗೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಬರೀ ಮಾತು.

ಸಾಧನ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಒಂದು. ಎಸ್‌ಎನ್‌ಎಂಪಿ ಅನ್ನುವ ಪ್ರಶ್ನೋತ್ತರದ ಭಾಷೆಯಲ್ಲಿ ಕೇಳಿದರೆ ಉತ್ತರ ಕೊಡುತ್ತದೆ, ಎಲ್‌ಎಲ್‌ಡಿಪಿ ಅನ್ನುವ ಇನ್ನೊಂದರಲ್ಲಿ ಕೇಳದೆಯೇ ಪಕ್ಕದ ಸಾಧನಕ್ಕೆ ತನ್ನ ಪರಿಚಯ ಸಾರುತ್ತದೆ. ಪಕ್ಕದವರ ಮಾತು ಇನ್ನೊಂದು: ‘ನನ್ನ 24ನೇ ಪೋರ್ಟಿನಲ್ಲಿ ಇಂಥದ್ದಿದೆ, ಅದರ ಹಿಂದೆ ಇಷ್ಟು ಮ್ಯಾಕ್ ವಿಳಾಸ ಇವೆ’ ಅಂತ ಪಕ್ಕದ ಸ್ವಿಚ್ಚು ಹೇಳುತ್ತದೆ. ಮ್ಯಾಕ್ ವಿಳಾಸ ಅಂದರೆ ಪ್ರತಿ ನೆಟ್‌ವರ್ಕ್ ಕಾರ್ಡಿಗೆ ಇರುವ ಆರು ಜೋಡಿ ಅಂಕಿ-ಅಕ್ಷರದ ಗುರುತು. ಇವೆರಡೂ ಸಿಗದಿದ್ದಾಗ ಸಾಫ್ಟ್‌ವೇರ್ ಊಹೆಗೆ ಇಳಿಯುತ್ತದೆ. ಮ್ಯಾಕ್ ವಿಳಾಸದ ಮೊದಲ ಮೂರು ಜೋಡಿ ಯಾವ ಕಂಪನಿಯದು, ಯಾವ ಪೋರ್ಟ್ (ಇಲ್ಲಿ ಕೇಬಲ್ ಚುಚ್ಚುವ ಜಾಗ ಅಲ್ಲ, ಒಳಗಿನ ಒಂದೊಂದು ಸೇವೆಯ ಬಾಗಿಲಿನ ಸಂಖ್ಯೆ) ತೆರೆದಿದೆ, ಪಿಂಗ್ (‘ಇದ್ದೀಯಾ’ ಅನ್ನುವ ಸಣ್ಣ ಪ್ರಶ್ನೆ) ಉತ್ತರದಲ್ಲಿ ಬರುವ ಟಿಟಿಎಲ್ ಅನ್ನುವ ಅಂಕಿ ಎಷ್ಟು, ಇಂಥ ಸುಳಿವು ಕೂಡಿಸಿ ಹೆಸರು ಬರೆಯುತ್ತದೆ.

ಹಾಗಾಗಿ ಯಾವ ದೋಷಕ್ಕೂ ನನ್ನ ಮೊದಲ ಪ್ರಶ್ನೆ ಒಂದೇ: ಯಾರ ಮಾತು ಕೇಳಿ ಇದು ಹೀಗೆ ಬರೆದಿದೆ? ಅದು ಗೊತ್ತಾದರೆ ಮುಂದಿನ ದಾರಿ ತಾನಾಗಿ ಕಾಣುತ್ತದೆ. ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಸಾಧನದ ವಿವರದ ಪುಟದಲ್ಲೇ ಇದು ಸಿಗುತ್ತದೆ.

ಮುಟ್ಟುವ ಮೊದಲು

ನಿಮ್ಮದಲ್ಲದ ನೆಟ್‌ವರ್ಕ್ ಸ್ಕ್ಯಾನ್ ಮಾಡಬೇಡಿ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ನೆಟ್‌ವರ್ಕಿಗೆ ಕೈ ಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43ರ ಅಡಿ ಬರುತ್ತದೆ. ಸಂಸ್ಥೆಯವರಿಂದ ಒಂದು ಸಾಲಿನ ಒಪ್ಪಿಗೆ ಬರಹದಲ್ಲಿ ಇರಲಿ. ಸ್ಕ್ಯಾನ್ ಮಾಡುವ ಐಪಿ ವ್ಯಾಪ್ತಿಯನ್ನು ಎರಡು ಸಲ ಓದಿ. ಒಂದು ಅಂಕಿ ತಪ್ಪಿದರೆ ಇಂಟರ್ನೆಟ್ ಕೊಡುವವರ ಕಡೆಯ ವಿಳಾಸಗಳನ್ನು ತಟ್ಟುತ್ತಿರುತ್ತೀರಿ.

ಮಿಲ್ಲು, ಆಸ್ಪತ್ರೆಗಳಲ್ಲಿ ಇನ್ನೂ ಹುಷಾರು. ಯಂತ್ರ ನಡೆಸುವ ಪಿಎಲ್‌ಸಿ, ಹಳೆಯ ವೈದ್ಯಕೀಯ ಉಪಕರಣಗಳು ಜೋರು ಸ್ಕ್ಯಾನಿಗೆ ತಬ್ಬಿಬ್ಬಾಗಿ ನಿಂತುಬಿಡಬಹುದು. ಅವುಗಳ ವಿಳಾಸವನ್ನು ಪಟ್ಟಿಯಿಂದ ಹೊರಗಿಡಿ. ಪ್ರಿಂಟರಿನ 9100ನೇ ಪೋರ್ಟಿಗೆ ಏನು ಕಳಿಸಿದರೂ ಅದು ಕಾಗದದ ಮೇಲೆ ಬರುತ್ತದೆ. ಎನ್‌ಮ್ಯಾಪ್ ಅನ್ನುವ ಸ್ಕ್ಯಾನ್ ಸಾಫ್ಟ್‌ವೇರ್ ತನ್ನ ವರ್ಷನ್ ಪರೀಕ್ಷೆಯಲ್ಲಿ 9100ರಿಂದ 9107ರವರೆಗಿನ ಪೋರ್ಟುಗಳನ್ನು ತಾನಾಗಿಯೇ ಬಿಡುವುದು ಇದಕ್ಕೇ. ಬೇರೆ ಸಾಫ್ಟ್‌ವೇರ್ ಬಿಡುತ್ತದೆ ಅಂತ ನಂಬಬೇಡಿ.

ಫೈಬರ್ ತುದಿಗೆ ಕಣ್ಣಿಡಬೇಡಿ. ಅದರ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಪೆಟ್ಟು. ರ‍್ಯಾಕಿನ ಅರ್ತಿಂಗ್ ಸರಿ ಇಲ್ಲ ಅನ್ನಿಸಿದರೆ, ಮುಟ್ಟಿದಾಗ ಜುಮ್ ಅಂದರೆ, ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಿರಿ.

ಲಕ್ಷಣ: ಸ್ವಿಚ್ಚುಗಳು ‘ಗೊತ್ತಿಲ್ಲ’ ಅಥವಾ ‘ಪಿಸಿ’ ಅಂತ ಬರುತ್ತಿವೆ

ಹೆಚ್ಚಿನ ಸಲ ಇದು ಎಸ್‌ಎನ್‌ಎಂಪಿ ಮಾತೇ ಆಡದಿರುವ ಲಕ್ಷಣ. ನಮ್ಮ ಕಾಲೇಜಿನ ನಾಲ್ಕು ಸ್ವಿಚ್ಚುಗಳ ಕಥೆಯೂ ಇದೇ. ಎಸ್‌ಎನ್‌ಎಂಪಿ ಆಫ್ ಇತ್ತು. ಸಾಫ್ಟ್‌ವೇರ್‌ಗೆ ಕಂಡದ್ದು ತೆರೆದ ವೆಬ್ ಪೋರ್ಟ್ ಮತ್ತು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸೇವೆ) ಮಾತ್ರ. ಲಿನಕ್ಸ್ ಪಿಸಿ ಇರಬೇಕು ಅಂತ ಊಹಿಸಿತು.

ಮೊದಲು ಪಿಂಗ್ ಮಾಡಿ. ಉತ್ತರ ಬಂದರೆ ಟಿಟಿಎಲ್ ನೋಡಿ. 128ರ ಹತ್ತಿರ ಇದ್ದರೆ ಸಾಮಾನ್ಯವಾಗಿ ವಿಂಡೋಸ್, 64ರ ಹತ್ತಿರ ಲಿನಕ್ಸ್. 255ರ ಹತ್ತಿರ ಇದ್ದರೆ ನೆಟ್‌ವರ್ಕ್ ಸಾಧನ ಇರುವ ಸಾಧ್ಯತೆ ಜಾಸ್ತಿ. ಮಧ್ಯೆ ಒಂದೊಂದು ರೌಟರ್ ದಾಟಿದಾಗಲೂ ಒಂದೊಂದು ಕಡಿಮೆ ಆಗುತ್ತದೆ. ಇದು ಸುಳಿವು ಮಾತ್ರ. ಒಳಗೆ ಲಿನಕ್ಸ್ ಓಡುವ ಸ್ವಿಚ್ಚುಗಳು ಬೇಕಾದಷ್ಟಿವೆ.

ಆಮೇಲೆ ಸ್ವಿಚ್ಚಿನ ಸೆಟ್ಟಿಂಗಿನಲ್ಲಿ ಎಸ್‌ಎನ್‌ಎಂಪಿ ಆನ್ ಇದೆಯಾ ನೋಡಿ. ಅದು ಯುಡಿಪಿ 161ನೇ ಪೋರ್ಟಿನಲ್ಲಿ ಕೇಳಿಸಿಕೊಳ್ಳುತ್ತದೆ. ದಾರಿಯಲ್ಲಿ ಫೈರ್‌ವಾಲ್ ಇದ್ದರೆ ಈ ಪೋರ್ಟ್ ಬಿಡಬೇಕು. ಎಷ್ಟೋ ಸ್ವಿಚ್ಚುಗಳಲ್ಲಿ ‘ಇಂಥ ಐಪಿಗೆ ಮಾತ್ರ ಉತ್ತರ’ ಅನ್ನುವ ಪಟ್ಟಿ ಇರುತ್ತದೆ. ಸರ್ವರ್ ಬದಲಿಸಿದ ಮೇಲೆ ಈ ಪಟ್ಟಿ ತಿದ್ದಲು ಮರೆಯುವುದು ತುಂಬಾ ಸಾಮಾನ್ಯ.

ಇಲ್ಲಿ ಮೌನಕ್ಕೂ ಅರ್ಥ ಇದೆ. ಎಸ್‌ಎನ್‌ಎಂಪಿಯ ವರ್ಷನ್ 2ಸಿಯಲ್ಲಿ ಕಮ್ಯುನಿಟಿ ಸ್ಟ್ರಿಂಗ್, ಅಂದರೆ ಪಾಸ್‌ವರ್ಡಿನಂಥ ಪದ, ತಪ್ಪಿದ್ದರೆ ಸ್ವಿಚ್ಚು ‘ತಪ್ಪು’ ಅನ್ನುವುದಿಲ್ಲ, ಸುಮ್ಮನಿರುತ್ತದೆ. ನಿಮಗೆ ಕಾಣುವುದು ಟೈಮ್‌ಔಟ್. ಹಾಗಾಗಿ ಟೈಮ್‌ಔಟ್ ಅಂದರೆ ಕೇಬಲ್ ಹೋಗಿದೆ ಅಂತಲ್ಲ. ಅಕ್ಷರ ತಪ್ಪಿರಬಹುದು, ದೊಡ್ಡಕ್ಷರ ಚಿಕ್ಕಕ್ಷರ ಬೆರೆತಿರಬಹುದು. ವರ್ಷನ್ 3ರಲ್ಲಿ ಹಾಗಲ್ಲ. ಬಳಕೆದಾರರ ಹೆಸರು ಗೊತ್ತಿಲ್ಲ ಅಂತ ಉತ್ತರವೇ ಬರುತ್ತದೆ. ‘ಆ ವಸ್ತು ಇಲ್ಲ’ ಅಂತ ಬಂದರೆ ಖುಷಿಪಡಿ. ಮಾತುಕತೆ ಸರಿ ಇದೆ, ನೀವು ಕೇಳಿದ ವಿಷಯ ಅದಕ್ಕೆ ಗೊತ್ತಿಲ್ಲ, ಅಷ್ಟೇ.

ಒಂದು ಎಚ್ಚರಿಕೆ. ಕೆಲಸ ಬೇಗ ಆಗಲಿ ಅಂತ ಕಮ್ಯುನಿಟಿಯನ್ನು ‘ಪಬ್ಲಿಕ್’ ಅಂತಲೇ ಬಿಡಬೇಡಿ. ಬರೆಯುವ ಹಕ್ಕಿರುವ ಕಮ್ಯುನಿಟಿಯನ್ನು ಡಿಸ್ಕವರಿಗೆ ಯಾವತ್ತೂ ಕೊಡಬೇಡಿ. ಓದುವ ಹಕ್ಕು ಸಾಕು. 2ಸಿಯಲ್ಲಿ ಆ ಪದ ತಂತಿಯ ಮೇಲೆ ಬಿಚ್ಚುಬಿಚ್ಚಾಗಿ ಹೋಗುತ್ತದೆ. ಸ್ವಿಚ್ಚು ಒಪ್ಪಿದರೆ ವರ್ಷನ್ 3 ಬಳಸಿ.

ಲಕ್ಷಣ: ಎಸ್‌ಎನ್‌ಎಂಪಿ ಉತ್ತರ ಬರುತ್ತಿದೆ, ಆದರೂ ಗುಂಪು ತಪ್ಪು

ಇಲ್ಲಿ ಸಾಧನ ಮಾತಾಡುತ್ತಿದೆ, ಆದರೆ ಹೇಳುತ್ತಿರುವುದು ತಪ್ಪು, ಅಥವಾ ಸಾಫ್ಟ್‌ವೇರ್‌ಗೆ ಅದು ಅರ್ಥ ಆಗುತ್ತಿಲ್ಲ. ಎಸ್‌ಎನ್‌ಎಂಪಿಗೆಟ್ (ಒಂದೇ ವಿಷಯ ಕೇಳುವ ಕಮಾಂಡ್) ಮತ್ತು ಎಸ್‌ಎನ್‌ಎಂಪಿವಾಕ್ (ಒಂದು ವಿಷಯದ ಅಡಿಯ ಎಲ್ಲವನ್ನೂ ಕೇಳುವ ಕಮಾಂಡ್) ಬಳಸಿ ಮೂರು ಪ್ರಶ್ನೆ ಕೇಳಿ. ಕೆಳಗಿನ ಚುಕ್ಕಿಚುಕ್ಕಿ ಅಂಕಿಸಾಲು ಒಂದೊಂದೂ ಕೇಳುವ ಒಂದೊಂದು ವಿಷಯದ ವಿಳಾಸ.

1.3.6.1.2.1.1.2.0 ಕೇಳಿದರೆ ಸಾಧನದ ಗುರುತಿನ ಸಂಖ್ಯೆ ಬರುತ್ತದೆ. 1.3.6.1.4.1 ಆದ ಮೇಲಿನ ಅಂಕಿ ಕಂಪನಿಯದು. ಸಿಸ್ಕೋ 9, ಎಚ್‌ಪಿ 11, ಮೈಕ್ರೋಟಿಕ್ 14988. ಅಲ್ಲಿ 8072 ಕಂಡರೆ ಅದು ನೆಟ್-ಎಸ್‌ಎನ್‌ಎಂಪಿ, ಅಂದರೆ ಲಿನಕ್ಸಿನಲ್ಲಿ ಎಲ್ಲರೂ ಬಳಸುವ ಸಾಮಾನ್ಯ ಏಜೆಂಟ್ (ಎಸ್‌ಎನ್‌ಎಂಪಿಗೆ ಉತ್ತರ ಕೊಡುವ ಪ್ರೋಗ್ರಾಂ). ಆ ಅಂಕಿಯಿಂದ ಅದು ಸರ್ವರೋ ಆಕ್ಸೆಸ್ ಪಾಯಿಂಟೋ ಅಂತ ಗೊತ್ತಾಗುವುದಿಲ್ಲ. ಕಂಪನಿಯ ಅಂಕಿ ಸರಿ ಇದ್ದೂ ಸಾಫ್ಟ್‌ವೇರ್ ಗುರುತಿಸದಿದ್ದರೆ, ಆ ಮಾದರಿ ಅದರ ಪಟ್ಟಿಯಲ್ಲಿ ಇಲ್ಲ. ಪಟ್ಟಿ ಅಪ್‌ಡೇಟ್ ಮಾಡಿ ನೋಡಿ.

ಎರಡನೆಯದು 1.3.6.1.2.1.1.7.0. ನನಗೆ ಇದು ತುಂಬಾ ಇಷ್ಟ. ಒಂದೇ ಅಂಕಿ ಬರುತ್ತದೆ, ಅದನ್ನು ಬಿಡಿಸಿ ಓದಬೇಕು. ಸ್ವಿಚ್ಚಿನ ಕೆಲಸಕ್ಕೆ 2, ರೌಟಿಂಗಿಗೆ 4, ತುದಿಯಿಂದ ತುದಿಗೆ ಸಾಗಿಸುವುದಕ್ಕೆ 8, ಅಪ್ಲಿಕೇಶನ್‌ಗಳಿಗೆ 64. ಮಾಡುವ ಕೆಲಸಗಳನ್ನೆಲ್ಲ ಕೂಡಿಸಿದರೆ ಉತ್ತರ. ಬರೀ 2 ಬಂದರೆ ಮಾಮೂಲಿ ಸ್ವಿಚ್ಚು. 6 ಬಂದರೆ ರೌಟಿಂಗ್ ಕೂಡ ಮಾಡುವ ಸ್ವಿಚ್ಚು. 72 ಬಂದರೆ 64 ಮತ್ತು 8 ಮಾತ್ರ, ಅಂದರೆ ಹೋಸ್ಟ್. 78 ಬಂದರೆ ನಾಲ್ಕೂ ಕೆಲಸ.

ಆದರೆ ಈ ಅಂಕಿ ಸಾಧನ ಅಳೆದು ಹೇಳುವುದಲ್ಲ, ಯಾರೋ ಬರೆದಿಟ್ಟದ್ದು. ನೆಟ್-ಎಸ್‌ಎನ್‌ಎಂಪಿಯ ಮಾದರಿ ಕಾನ್ಫಿಗರೇಶನ್ನಿನಲ್ಲೇ 72 ಇರುತ್ತದೆ. ಅದನ್ನು ಹಾಗೇ ಬಿಟ್ಟ ಲಿನಕ್ಸ್ ರೌಟರ್ ‘ನಾನು ಹೋಸ್ಟ್’ ಅಂತಲೇ ಹೇಳುತ್ತದೆ. ಈ ಅಂಕಿಯನ್ನೇ ನಂಬುವ ಸಾಫ್ಟ್‌ವೇರ್ ಮೋಸ ಹೋಗುತ್ತದೆ.

ಅದಕ್ಕೇ ಮೂರನೆಯ ಪ್ರಶ್ನೆ. 1.3.6.1.2.1.17 ಅಡಿಯಲ್ಲಿ ಎಸ್‌ಎನ್‌ಎಂಪಿವಾಕ್ ಮಾಡಿ. ಇದು ಬ್ರಿಡ್ಜ್ ಕೋಷ್ಟಕ. ಬ್ರಿಡ್ಜ್ ಅಂದರೆ ಸ್ವಿಚ್ಚಿನ ಕೆಲಸವೇ. ಎಷ್ಟು ಪೋರ್ಟ್, ಯಾವ ಪೋರ್ಟಿನ ಹಿಂದೆ ಯಾವ ಮ್ಯಾಕ್ ಅಂತ ಇಲ್ಲಿ ಸಿಗುತ್ತದೆ. 24 ಪೋರ್ಟಿನ ಮ್ಯಾಕ್ ಪಟ್ಟಿ ಇಟ್ಟುಕೊಂಡಿರುವುದು ಏನೇ ಹೇಳಿಕೊಂಡರೂ ಸ್ವಿಚ್ಚೇ. ಮಾತಿಗಿಂತ ಮಾಡುವ ಕೆಲಸವನ್ನು ನಂಬಿ. ಪ್ರಿಂಟರ್ ಅನುಮಾನ ಇದ್ದರೆ 1.3.6.1.2.1.43 ಕೇಳಿ. ಅಲ್ಲಿ ಟೋನರ್, ಕಾಗದದ ಲೆಕ್ಕ ಬಂದರೆ ಮುಗಿಯಿತು.

ಸಿಸ್ಕೋದ ಹಳೆಯ ಸ್ವಿಚ್ಚುಗಳಲ್ಲಿ ಇನ್ನೊಂದು ತೊಡಕು. ಮ್ಯಾಕ್ ಪಟ್ಟಿ ಒಂದೊಂದು ವಿಲ್ಯಾನಿಗೆ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕಿಗೆ) ಬೇರೆ ಬೇರೆ. ಕಮ್ಯುನಿಟಿಯ ಕೊನೆಗೆ @10 ಹೀಗೆ ವಿಲ್ಯಾನ್ ಸಂಖ್ಯೆ ಸೇರಿಸಿ ಕೇಳಬೇಕು. ಸೇರಿಸದಿದ್ದರೆ ವಿಲ್ಯಾನ್ 1ರದು ಮಾತ್ರ ಬರುತ್ತದೆ. ಆಗ 40 ಪಿಸಿ ಇರುವ ಸ್ವಿಚ್ಚೂ ನಕ್ಷೆಯಲ್ಲಿ ಖಾಲಿ ಕಾಣುತ್ತದೆ.

ಲಕ್ಷಣ: ಪಿಸಿ ಅಥವಾ ಸರ್ವರ್ ‘ರೌಟರ್’ ಆಗಿ ಕೂತಿದೆ

ಲೈಬ್ರರಿಯ ಸರ್ವರಿಗೆ ಆದದ್ದು ಇದು. 1.3.6.1.2.1.4.1.0 ಕೇಳಿದೆ. ಉತ್ತರ 1. ಐಪಿ ಫಾರ್ವರ್ಡಿಂಗ್, ಅಂದರೆ ಬೇರೆಯವರ ಟ್ರಾಫಿಕ್ ದಾಟಿಸುವುದು, ಆನ್ ಇದೆ ಅಂತ ಅರ್ಥ. 2 ಬಂದಿದ್ದರೆ ಇಲ್ಲ. ಲೈಬ್ರರಿ ಸಾಫ್ಟ್‌ವೇರನ್ನು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಓಡಿಸುವ ಸಾಫ್ಟ್‌ವೇರ್) ಹಾಕಿದ್ದರು. ಡಾಕರ್ ಶುರುವಾಗುವಾಗ ಫಾರ್ವರ್ಡಿಂಗ್ ತಾನೇ ಆನ್ ಮಾಡುತ್ತದೆ. ಡಿಸ್ಕವರಿ ಸಾಫ್ಟ್‌ವೇರ್ ಅದನ್ನು ನೋಡಿ ರೌಟರ್ ಅಂತ ಬರೆದಿತ್ತು.

ದಯವಿಟ್ಟು ಆ ಫಾರ್ವರ್ಡಿಂಗ್ ಆಫ್ ಮಾಡಲು ಹೋಗಬೇಡಿ. ಡಾಕರ್ ಒಳಗಿನ ಸೇವೆಗಳ ನೆಟ್‌ವರ್ಕ್ ನಿಂತುಹೋಗುತ್ತದೆ. ಸರಿಮಾಡಬೇಕಾದದ್ದು ಸರ್ವರನ್ನಲ್ಲ, ಸಾಫ್ಟ್‌ವೇರ್‌ನ ನಿಯಮವನ್ನು. ಬೇರೆ ಯಾವುದಾದರೂ ಪಿಸಿಯ ಡೀಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಇದೇನಾ? ದಾರಿಯ ರೌಟರುಗಳನ್ನು ತೋರಿಸುವ ಟ್ರೇಸ್‌ರೂಟ್ ಮಾಡಿದರೆ ಮಧ್ಯದಲ್ಲಿ ಇದರ ವಿಳಾಸ ಬರುತ್ತಾ? ಎರಡಕ್ಕೂ ‘ಇಲ್ಲ’ ಅಂತ ಬಂದರೆ ಅದು ರೌಟರ್ ಅಲ್ಲ. ಕೈಯಿಂದಲೇ ‘ಸರ್ವರ್’ ಅಂತ ಗುಂಪು ಬದಲಿಸಿ, ಮತ್ತೆ ಬದಲಾಗದ ಹಾಗೆ ಬೀಗ ಹಾಕಿ.

ಎಲ್‌ಎಲ್‌ಡಿಪಿಯಿಂದಲೂ ಈ ತಪ್ಪು ಬರುತ್ತದೆ. ಅದರಲ್ಲಿ ಎರಡು ಕಾಲಂ ಇವೆ: ಏನು ಮಾಡಬಲ್ಲೆ, ಈಗ ಏನು ಮಾಡುತ್ತಿದ್ದೇನೆ. ಎಲ್‌ಎಲ್‌ಡಿಪಿಡಿ (ಎಲ್‌ಎಲ್‌ಡಿಪಿ ಮಾತಾಡುವ ಪ್ರೋಗ್ರಾಂ) ಹಾಕಿದ ಲಿನಕ್ಸ್ ಯಂತ್ರ ‘ಬ್ರಿಡ್ಜ್ ಆಗಬಲ್ಲೆ, ರೌಟರ್ ಆಗಬಲ್ಲೆ’ ಅನ್ನುತ್ತದೆ, ಆದರೆ ಎರಡೂ ಆಫ್ ಇರುತ್ತವೆ. ಮೊದಲ ಕಾಲಂ ಮಾತ್ರ ಓದುವ ಸಾಫ್ಟ್‌ವೇರ್ ಎಡವುತ್ತದೆ. ಐಪಿ ಫೋನಿನದು ಇನ್ನೊಂದು ಬಗೆ. ಅದರ ಹಿಂದೆ ಪಿಸಿಗೆ ಅಂತ ಒಂದು ಪೋರ್ಟ್ ಇರುತ್ತದಲ್ವಾ, ಹಾಗಾಗಿ ‘ಬ್ರಿಡ್ಜ್, ಟೆಲಿಫೋನ್’ ಅಂತ ಎರಡನ್ನೂ ನಿಜವಾಗಿಯೇ ಹೇಳುತ್ತದೆ. ಟೆಲಿಫೋನ್ ಅಂತ ಕಂಡರೆ ಬ್ರಿಡ್ಜ್ ಅನ್ನುವುದನ್ನು ಕಡೆಗಣಿಸಲು ನಿಯಮ ಬರೆಯಿರಿ.

ಲಕ್ಷಣ: ಒಂದೇ ಪೋರ್ಟಿನಲ್ಲಿ 15–20 ಪಿಸಿ ನೇತಾಡುತ್ತಿವೆ

ಒಂದು ಪೋರ್ಟಿಗೆ ಒಂದು ಪಿಸಿ, ಫೋನ್ ಇದ್ದರೆ ಎರಡು ಮ್ಯಾಕ್. ಅದಕ್ಕಿಂತ ಜಾಸ್ತಿ ಇದ್ದರೆ ಮಧ್ಯದಲ್ಲಿ ಏನೋ ಇದೆ, ಅದು ಸಾಫ್ಟ್‌ವೇರ್‌ಗೆ ಕಾಣುತ್ತಿಲ್ಲ.

ದಾವಣಗೆರೆಯಂಥ ಊರಿನಲ್ಲಿ ಅದು ಬಹುತೇಕ ಅಂಗಡಿಯಿಂದ ತಂದ 8 ಅಥವಾ 16 ಪೋರ್ಟಿನ ಸಾದಾ ಸ್ವಿಚ್ಚು. ಅದಕ್ಕೆ ಐಪಿ ಇಲ್ಲ, ಎಸ್‌ಎನ್‌ಎಂಪಿ ಇಲ್ಲ, ಮಾತೇ ಬಾರದು. ಅದು ಇರುವುದಕ್ಕೆ ಅದರ ಹಿಂದಿನ ಗುಂಪೊಂದೇ ಸಾಕ್ಷಿ. ನಮ್ಮ ಲ್ಯಾಬಿನಲ್ಲಿ 7ನೇ ಪೋರ್ಟಿನ ಹಿಂದೆ 14 ಮ್ಯಾಕ್ ಕಂಡವು. ಅಲ್ಲಿನ ಅಟೆಂಡರ್ ಹಿರಿಯರು. ಅವರನ್ನು ಕೇಳಿದೆ.

‘ಸರ್, ಆ ಬೀರು ಹಿಂದೆ ಒಂದು ಸಣ್ಣ ಪೆಟ್ಟಿಗೆ ಐತ್ರೀ. ಹಗಲು ರಾತ್ರಿ ದೀಪ ಮಿಣಮಿಣ ಅಂತಿರ್ತಾವೆ’ ಅಂದರು.

ಬೀರು ಸರಿಸಿದೆವು. ಬೆರಳು ದಪ್ಪ ಧೂಳಿನೊಳಗೆ 16 ಪೋರ್ಟಿನ ಸ್ವಿಚ್ಚು ಉಸಿರಾಡುತ್ತಿತ್ತು. ಅಡಾಪ್ಟರ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಯಾವ ಸ್ಕ್ಯಾನೂ ಹೇಳದ ಮಾತನ್ನು ಅವರು ಹೇಳಿದ್ದರು. ಆ ಕಟ್ಟಡದಲ್ಲಿ ದಿನಾ ಓಡಾಡುವವರನ್ನು ಮೊದಲು ಕೇಳಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಬೀರು ಸರಿಸುವ ಮೊದಲು ಮ್ಯಾಕ್‌ಗಳನ್ನು ಒಮ್ಮೆ ಓದಿ. ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಂಪನಿ ಕೊಟ್ಟ ವಿಳಾಸ ಅಲ್ಲ, ಯಂತ್ರವೇ ಹುಟ್ಟಿಸಿಕೊಂಡದ್ದು. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಮೊಬೈಲುಗಳು ವೈಫೈಗೆ ಹೀಗೇ ಮಾಡುತ್ತವೆ. ಅಂಥವು ತುಂಬಾ ಇದ್ದರೆ ಆ ಪೋರ್ಟಿನಲ್ಲಿ ಆಕ್ಸೆಸ್ ಪಾಯಿಂಟ್ ಇರಬಹುದು. 00:50:56, 08:00:27 ಅಥವಾ 52:54:00ರಿಂದ ಶುರುವಾಗುವವು ವರ್ಚುವಲ್ ಯಂತ್ರಗಳು. ಆಗ ಬೀರು ಹಿಂದೆ ಹುಡುಕಬೇಡಿ. ಅಲ್ಲಿರುವುದು ಒಂದೇ ಸರ್ವರ್, ಅದರೊಳಗೆ ಹತ್ತು ಯಂತ್ರ.

ಇನ್ನೊಂದು ಸಾಧ್ಯತೆ, ಆ ಕಡೆ ಇರುವುದು ಒಳ್ಳೆಯ ಸ್ವಿಚ್ಚೇ, ಆದರೆ ಎಲ್‌ಎಲ್‌ಡಿಪಿ ಆಫ್ ಇದೆ. ನೆಟ್‌ಡಿಸ್ಕೋ ತರಹದ ಡಿಸ್ಕವರಿ ಸಾಫ್ಟ್‌ವೇರ್ ಪಕ್ಕದ ಸ್ವಿಚ್ಚು ಗೊತ್ತಾದ ಪೋರ್ಟನ್ನು ಅಪ್‌ಲಿಂಕ್ (ಸ್ವಿಚ್ಚಿನಿಂದ ಸ್ವಿಚ್ಚಿಗೆ ಹೋಗುವ ದಾರಿ) ಅಂತ ತಿಳಿದು ಅಲ್ಲಿನ ಮ್ಯಾಕ್‌ಗಳನ್ನು ಬಿಡುತ್ತದೆ. ಪಕ್ಕದವರು ಯಾರು ಅಂತ ಗೊತ್ತಾಗದಿದ್ದರೆ ಆಚೆಯ ಎಲ್ಲ ಪಿಸಿಯನ್ನೂ ಇದೇ ಪೋರ್ಟಿಗೆ ನೇತುಹಾಕುತ್ತದೆ. ಎಲ್‌ಎಲ್‌ಡಿಪಿ ಎರಡೂ ಕಡೆ ಆನ್ ಮಾಡಿ, ಒಂದೆರಡು ನಿಮಿಷ ಕಾಯಿರಿ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಸಾರುತ್ತದೆ. ಇಂಥದ್ದೇ ಕೆಲಸ ಮಾಡುವ ಸಿಸ್ಕೋದ ಸಿಡಿಪಿ 60 ಸೆಕೆಂಡಿಗೊಮ್ಮೆ.

ಒಂದೇ ಪೋರ್ಟಿನಲ್ಲಿ ಇಬ್ಬರು ಎಲ್‌ಎಲ್‌ಡಿಪಿ ನೆರೆಯವರು ಕಂಡರೆ ಬಿಡಬೇಡಿ. ನಿಯಮದ ಪ್ರಕಾರ ಸ್ವಿಚ್ಚು ಈ ಸಂದೇಶವನ್ನು ಮುಂದಕ್ಕೆ ದಾಟಿಸಬಾರದು. ಕೆಲವು ಸಾದಾ ಸ್ವಿಚ್ಚುಗಳು ದಾಟಿಸುತ್ತವೆ. ಅಂಥದ್ದೊಂದು ಮಧ್ಯೆ ಇದೆ ಅಂತ ಅರ್ಥ.

ಮ್ಯಾಕ್ ಪಟ್ಟಿ ಸಾಮಾನ್ಯವಾಗಿ 300 ಸೆಕೆಂಡಿಗೆ ಹಳತಾಗುತ್ತದೆ. ಪಿಸಿಗಳು ಆಫ್ ಇರುವ ಭಾನುವಾರ ಈ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ. ಲ್ಯಾಬ್ ತುಂಬಿರುವಾಗ ಮಾಡಿ. ಆದರೆ ಪರೀಕ್ಷೆ ಇರುವ ದಿನ ಕೇಬಲ್ ಕೀಳಬೇಡಿ. ಕೀಳುವ ಮೊದಲು ಎರಡೂ ತುದಿಗೆ ಚೀಟಿ ಅಂಟಿಸಿ.

ಲಕ್ಷಣ: ಒಂದೇ ಸಾಧನ ಮೂರು ಕಡೆ, ಅಥವಾ ಎಲ್ಲ 254 ವಿಳಾಸವೂ ಜೀವಂತ

ರೌಟರಿಗೆ ಒಂದೊಂದು ವಿಲ್ಯಾನಿನಲ್ಲೂ ಒಂದು ಐಪಿ ಇರುತ್ತದೆ. ಎಸ್‌ಎನ್‌ಎಂಪಿ ಸಿಗದಿದ್ದರೆ ಸಾಫ್ಟ್‌ವೇರ್ ಅವನ್ನು ಬೇರೆ ಬೇರೆ ಯಂತ್ರ ಅಂದುಕೊಳ್ಳುತ್ತದೆ. ಎಸ್‌ಎನ್‌ಎಂಪಿ ಕೊಟ್ಟರೆ ತನ್ನ ಎಲ್ಲ ವಿಳಾಸದ ಪಟ್ಟಿಯನ್ನು ರೌಟರೇ ಹೇಳುತ್ತದೆ, ಒಂದಾಗುತ್ತವೆ.

ಖಾಲಿ ವಿಳಾಸಗಳೂ ಜೀವಂತ ಅಂತ ಬಂದರೆ ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್ ಅನ್ನುವ ಪಟ್ಟಿ) ತೆಗೆದು ನೋಡಿ. ಎಲ್ಲಕ್ಕೂ ಒಂದೇ ಮ್ಯಾಕ್ ಇದ್ದರೆ ಫೈರ್‌ವಾಲ್ ಅಥವಾ ರೌಟರ್ ಪ್ರಾಕ್ಸಿ ಎಆರ್‌ಪಿ ಮಾಡುತ್ತಿದೆ, ಎಲ್ಲರ ಪರವಾಗಿ ತಾನೇ ‘ಇದ್ದೇನೆ’ ಅನ್ನುತ್ತಿದೆ.

ಇದರ ತಿರುಗುಮುರುಗೂ ಆಗುತ್ತದೆ. ಎರಡು ಸರ್ವರ್ ಸೇರಿ ಒಂದಾಗಿಬಿಡುತ್ತವೆ. ಡಾಕರ್ ಇರುವ ಪ್ರತಿ ಯಂತ್ರದಲ್ಲೂ ಮಾಮೂಲಿಯಾಗಿ 172.17.0.1 ಅನ್ನುವ ಒಳವಿಳಾಸ ಇರುತ್ತದೆ. ಒಂದೇ ವಿಳಾಸ ನೋಡಿ ಕೆಲವು ಸಾಫ್ಟ್‌ವೇರ್‌ಗಳು ಎರಡನ್ನೂ ಒಂದೇ ಅಂದುಕೊಳ್ಳುತ್ತವೆ. 172.17.0.0/16 ಅನ್ನು, ಅಂದರೆ 172.17ರಿಂದ ಶುರುವಾಗುವ ಎಲ್ಲ ವಿಳಾಸವನ್ನೂ, ಡಿಸ್ಕವರಿಯಿಂದ ಹೊರಗಿಡಿ.

ಲಕ್ಷಣ: ನಿನ್ನೆ ಸರಿ ಇತ್ತು, ಇವತ್ತು ಕೆಟ್ಟಿದೆ

ಕರೆಂಟ್ ಹೋಗಿ ಬಂದ ಮೇಲೆ ಇದು ಜಾಸ್ತಿ. ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿ ಬೇರೆ ಐಪಿ ಕೊಟ್ಟಿರುತ್ತದೆ. ಸ್ವಿಚ್ಚಿನ ಹಳೆಯ ಐಪಿಯಲ್ಲಿ ಈಗ ಯಾರದೋ ಲ್ಯಾಪ್‌ಟಾಪ್ ಇರುತ್ತದೆ. ಮೂಲಸೌಕರ್ಯದ ಸಾಧನಗಳಿಗೆಲ್ಲ ಸ್ಥಿರ ಐಪಿ ಕೊಡಿ. ಇನ್ನೊಂದು ಕಾರಣ, ಸ್ವಿಚ್ಚಿನ ಸೆಟ್ಟಿಂಗ್ ಸೇವ್ ಮಾಡದೆ ಬಿಟ್ಟಿರುವುದು. ರೀಸ್ಟಾರ್ಟ್ ಆದಾಗ ಎಸ್‌ಎನ್‌ಎಂಪಿ ಮತ್ತೆ ಆಫ್ ಆಗಿರುತ್ತದೆ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕರೆಯಬೇಕು

ಸ್ವಿಚ್ಚಿನ ಎಲ್ಲ ದೀಪಗಳೂ ಒಂದೇ ತಾಳದಲ್ಲಿ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದರೆ ಸ್ಕ್ಯಾನ್ ನಿಲ್ಲಿಸಿ. ಅದು ಲೂಪ್ ಇರಬಹುದು, ಅಂದರೆ ಕೇಬಲ್ ಸುತ್ತಿ ಬಂದು ಟ್ರಾಫಿಕ್ ಒಳಗೊಳಗೇ ಸುತ್ತುತ್ತಿರಬಹುದು. ಕೊನೆಯದಾಗಿ ಯಾವ ಕೇಬಲ್ ಚುಚ್ಚಿದಿರಿ ನೆನಪಿದ್ದರೆ ಅದನ್ನು ತೆಗೆಯಿರಿ. ನೆನಪಿಲ್ಲದಿದ್ದರೆ ಒಂದೊಂದೇ ಕೀಳುತ್ತಾ ಹೋಗಬೇಡಿ, ನೆಟ್‌ವರ್ಕ್ ಹಾಕಿಕೊಟ್ಟವರನ್ನು ಕರೆಯಿರಿ.

ಗೊತ್ತಿಲ್ಲದ ಸಾಧನವೊಂದು ನಿಜವಾಗಿಯೇ ರೌಟಿಂಗ್ ಮಾಡುತ್ತಿದ್ದರೆ, ಪಿಸಿಗಳಿಗೆ ಐಪಿ ಹಂಚುತ್ತಿದ್ದರೆ, ಅದು ಗುಂಪಿನ ತಪ್ಪಲ್ಲ, ಭದ್ರತೆಯ ವಿಷಯ. ಅದು ಯಾವ ಪೋರ್ಟಿನಲ್ಲಿದೆ ಬರೆದುಕೊಂಡು ಜವಾಬ್ದಾರಿ ಇರುವವರಿಗೆ ತಕ್ಷಣ ತಿಳಿಸಿ. ಇಂಟರ್ನೆಟ್ ಕೊಟ್ಟವರ ಓಎನ್‌ಯು (ಫೈಬರ್ ಬಂದು ಸೇರುವ ಪೆಟ್ಟಿಗೆ), ಕಂಬದ ಮೇಲಿನ ಕೇಬಲ್, ಯುಪಿಎಸ್ ಬ್ಯಾಟರಿ, ಸುಟ್ಟ ವಾಸನೆ ಬರುವ ಅಡಾಪ್ಟರ್: ಇವು ನಿಮ್ಮ ಕೆಲಸ ಅಲ್ಲ.

ಚಿತ್ರದುರ್ಗದಿಂದಲೋ ಚಳ್ಳಕೆರೆಯಿಂದಲೋ ಫೋನ್ ಮಾಡುವವರಿಗೆ ನಾನು ಮೊದಲು ಕೇಳುವುದು ಇಷ್ಟು: ಆ ಮೂರು ಎಸ್‌ಎನ್‌ಎಂಪಿ ಪ್ರಶ್ನೆಗೆ ಬಂದ ಉತ್ತರ, ಪಕ್ಕದ ಸ್ವಿಚ್ಚಿನ ಆ ಪೋರ್ಟಿನ ಮ್ಯಾಕ್ ಪಟ್ಟಿ, ಪೆಟ್ಟಿಗೆಯ ತಳದ ಚೀಟಿಯ ಫೋಟೋ. ಇದಿಷ್ಟು ಕೈಗೆ ಬಂದ ಮೇಲೆ ಹೆಚ್ಚಿನ ಸಲ ನಾನು ಬಸ್ ಹತ್ತಬೇಕಾಗಿಯೇ ಬರುವುದಿಲ್ಲ.